ಬೊಜ್ಜು, ಒಳಗಿನ ಉರಿ ಮತ್ತು ವಿಟಮಿನ್ ಡಿ: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಯಟೀಷಿಯನ್. ಮನೆ ಡೊಂಬಿವಲಿಯಲ್ಲಿ. ನನ್ನ ಹತ್ತಿರ ಬರುವವರಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯವರೇ. ಉಡುಪಿ ಹೋಟೆಲಿನವರು, ಬ್ಯಾಂಕಿನಿಂದ ರಿಟೈರ್ ಆದವರು, ಧಾರವಾಡ ವಿಜಾಪುರದಿಂದ ಬಂದು ಇಲ್ಲೇ ಬೇರೂರಿದವರು. ಪುಣೆ, ಗೋವಾದಿಂದ ಫೋನ್ ಮಾಡುವ ನೆಂಟರೂ ಇದ್ದಾರೆ. ಎಲ್ಲರ ಮೊಬೈಲಿನಲ್ಲೂ ಒಂದು ರಿಪೋರ್ಟ್ ಇರುತ್ತದೆ. ಅದರಲ್ಲಿ ವಿಟಮಿನ್ ಡಿ ಎದುರು ಕೆಂಪು ಅಕ್ಷರ. ಪ್ರಶ್ನೆಗಳೂ ಹೆಚ್ಚು ಕಡಿಮೆ ಅವೇ. ಪ್ರತಿ ಸಲ ಮೊದಲಿಂದ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಓದಿಕೊಂಡು ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ಔಷಧಿ ಬರೆಯುವುದು ಅವರ ಕೆಲಸ, ನನ್ನದಲ್ಲ.

ನನ್ನ ಡಿ 11 ಬಂದಿದೆ. ಅದಕ್ಕೇ ತೂಕ ಏರ್ತಾ ಇರೋದು ಅಲ್ವಾ?

ಅಲ್ಲ. ನಂಟು ಇದೆ, ಆದರೆ ಉಲ್ಟಾ. ತೂಕ ಏರಿದ್ದರಿಂದ ಡಿ ಇಳಿದಿದೆ.

ದಪ್ಪ ಇರುವವರಲ್ಲಿ ಡಿ ಕಡಿಮೆ ಇರುತ್ತದೆ ಎಂಬುದು ಬಹಳ ದಿನದಿಂದ ಗೊತ್ತಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಜಗಳ. 2013ರಲ್ಲಿ ಒಂದು ಅಧ್ಯಯನ ಸುಮಾರು 42,000 ಜನರ ಜೀನ್‌ಗಳನ್ನು ನೋಡಿತು. ಹುಟ್ಟಿನಿಂದಲೇ ತೂಕ ಏರಿಸುವ ಜೀನ್ ಹೊತ್ತವರಲ್ಲಿ ಡಿ ಕಡಿಮೆ ಇತ್ತು. ಹುಟ್ಟಿನಿಂದಲೇ ಡಿ ಕಡಿಮೆ ಇಡುವ ಜೀನ್ ಹೊತ್ತವರು ಮಾತ್ರ ಹೆಚ್ಚು ದಪ್ಪ ಇರಲಿಲ್ಲ. ಜೀನ್ ಹುಟ್ಟುವಾಗಲೇ ಬರುವುದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಹೇಳಲು ಇದು ಒಳ್ಳೆಯ ಉಪಾಯ.

ಆ ಲೆಕ್ಕದ ಪ್ರಕಾರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಂಕ) ಒಂದು ಅಂಕ ಏರಿದರೆ ರಕ್ತದ ಡಿ ಶೇ 1.15ರಷ್ಟು ಇಳಿಯುತ್ತದೆ. ಇದು ಬಹಳ ದೊಡ್ಡ ಇಳಿತ ಅಲ್ಲ, ಗಮನಿಸಿ. ಅಂದರೆ ನಿಮ್ಮ ಡಿ 11ಕ್ಕೆ ಇಳಿಯಲು ಬೊಜ್ಜು ಒಂದೇ ಸಾಲದು. ಬಿಸಿಲು ಕಾಣದ ಬದುಕೂ ಅದರಲ್ಲಿ ಸೇರಿದೆ.

ದಪ್ಪ ಇದ್ದರೆ ಆ ಡಿ ಎಲ್ಲಿ ಹೋಗುತ್ತೆ?

ಕೊಬ್ಬಿನೊಳಗೆ. ಡಿ ಕೊಬ್ಬಿನಲ್ಲಿ ಕರಗುವ ವಿಟಮಿನ್. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಒಂದು ಸರಳವಾದ ಪ್ರಯೋಗ ನಡೆಯಿತು. ದಪ್ಪ ಇರುವವರು, ತೆಳ್ಳಗಿರುವವರು, ಇಬ್ಬರಿಗೂ ಒಂದೇ ಪ್ರಮಾಣದಲ್ಲಿ ಬಿಸಿಲಿನಂಥ ಕಿರಣ ಹಾಯಿಸಿದರು. ಡಿ ತಯಾರಿಸುವ ಕಚ್ಚಾವಸ್ತು ಇಬ್ಬರ ಚರ್ಮದಲ್ಲೂ ಒಂದೇ ಮಟ್ಟದಲ್ಲಿತ್ತು. ಆದರೂ ಮರುದಿನ ದಪ್ಪ ಇರುವವರ ರಕ್ತದಲ್ಲಿ ಡಿ3 (ಚರ್ಮದಲ್ಲಿ ತಯಾರಾಗುವ ಡಿ) ಏರಿದ್ದು ಶೇ 57ರಷ್ಟು ಕಡಿಮೆ. ಚರ್ಮದ ತಪ್ಪಲ್ಲ, ಡಿ ರಕ್ತಕ್ಕೆ ಬರುವ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಳ್ಳುತ್ತದೆ ಎಂದು ಅವರು ಹೇಳಿದರು.

ಇನ್ನು ಕೆಲವರು ಹೇಳುವುದು ಬೇರೆ. ಸಿಕ್ಕಿಕೊಳ್ಳುವುದಕ್ಕಿಂತ ಅದು ಹಂಚಿಹೋಗುತ್ತದೆ ಅಂತ. ಒಂದು ಚಮಚ ಉಪ್ಪು ಮನೆಯ ಸಾರಿಗೆ ಸಾಕು. ಅದನ್ನೇ ಮದುವೆ ಮನೆಯ ಕೊಪ್ಪರಿಗೆಗೆ ಹಾಕಿದರೆ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಉಪ್ಪು ಕಳೆದುಹೋಗಿಲ್ಲ, ಪಾತ್ರೆ ದೊಡ್ಡದು ಅಷ್ಟೆ. ನನಗೆ ಈ ಎರಡನೇ ವಿವರಣೆಯೇ ಹೆಚ್ಚು ಒಪ್ಪಿಗೆ. ಒಂದೇ ಡೋಸ್ ಕೊಟ್ಟರೆ ದಪ್ಪ ಇರುವವರಲ್ಲಿ ಯಾಕೆ ಕಡಿಮೆ ಏರುತ್ತದೆ ಎಂಬುದು ಇದರಿಂದ ಸುಲಭವಾಗಿ ಗೊತ್ತಾಗುತ್ತದೆ.

ಡಾಕ್ಟರು ಇನ್‌ಫ್ಲಮೇಶನ್ ಅಂದ್ರು. ನನಗೆ ಎಲ್ಲೂ ಊದಿಲ್ಲವಲ್ಲ?

ಇದು ಕಾಲು ಉಳುಕಿದಾಗ ಬರುವ ಊತ ಅಲ್ಲ. ಅಲ್ಲಿ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ, ಎಂಟು ದಿನಕ್ಕೆ ಹೋಗುತ್ತದೆ. ಬೊಜ್ಜಿನ ಉರಿಯೂತ ಬೂದಿ ಮುಚ್ಚಿದ ಕೆಂಡ. ನೋವಿಲ್ಲ, ಜ್ವರವಿಲ್ಲ, ವರ್ಷಗಟ್ಟಲೆ ಒಳಗೇ ಸುಡುತ್ತಿರುತ್ತದೆ.

ಹೊಟ್ಟೆಯ ಕೊಬ್ಬು ಸುಮ್ನೆ ಕೂತಿರುವ ಗೋಣಿಚೀಲ ಅಂತ ನಾವು ತಿಳಿದಿರುತ್ತೇವೆ. ವಿಜ್ಞಾನಿಗಳೂ ಬಹಳ ಕಾಲ ಹಾಗೇ ತಿಳಿದಿದ್ದರು. 1993ರಲ್ಲಿ ದಪ್ಪ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಆಲ್ಫಾ ಎಂಬ ಉರಿ ಎಬ್ಬಿಸುವ ಪ್ರೋಟೀನ್ ಸಿಕ್ಕಿತು. ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ ಎಂದೂ ತಿಳಿಯಿತು. 2003ರಲ್ಲಿ ಇನ್ನೊಂದು ವಿಷಯ ಹೊರಬಂತು. ದಪ್ಪ ದೇಹದ ಕೊಬ್ಬಿನಲ್ಲಿ ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳು ಬಂದು ಬೀಡುಬಿಟ್ಟಿರುತ್ತವೆ. ಕೊಬ್ಬಿನ ಕಣ ಮಿತಿಮೀರಿ ಉಬ್ಬಿದಾಗ ಕೆಲವು ಸಾಯುತ್ತವೆ. ಸತ್ತ ಕಣದ ಸುತ್ತ ಇವು ಬಳೆಯ ಹಾಗೆ ಸುತ್ತುಗಟ್ಟಿ ನಿಲ್ಲುತ್ತವೆ. ಚೊಕ್ಕ ಮಾಡಲು ಬಂದವರು ಗಲಾಟೆ ಎಬ್ಬಿಸುತ್ತಾರೆ.

ಆ ಗಲಾಟೆಯ ಒಂದು ಸಂದೇಶ ಐಎಲ್-6. ಅದು ಯಕೃತ್ತಿಗೆ ಹೋಗಿ ಮುಟ್ಟಿದರೆ ಯಕೃತ್ತು ಸಿಆರ್‌ಪಿ ಎಂಬ ಪ್ರೋಟೀನ್ ತಯಾರಿಸುತ್ತದೆ. ನಿಮ್ಮ ರಿಪೋರ್ಟಿನ ಎಚ್‌ಎಸ್ ಸಿಆರ್‌ಪಿ ಇದೇ.

ನಾನೇನು ದಪ್ಪ ಇಲ್ಲ, ಹೊಟ್ಟೆ ಒಂದೇ ಮುಂದೆ ಬಂದಿದೆ. ನನಗೂ ಇದು ಅನ್ವಯಿಸುತ್ತಾ?

ನಿಮಗೇ ಜಾಸ್ತಿ ಅನ್ವಯಿಸುತ್ತದೆ.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಹೆಸರು ಕೇಳಿರಬಹುದು. 2004ರಲ್ಲಿ ಅವರು ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ ಪಕ್ಕ ಪಕ್ಕ ನಿಂತು ತೆಗೆಸಿಕೊಂಡ ಫೋಟೋ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಇಬ್ಬರದೂ ಬಿಎಂಐ 22.3. ಆದರೆ ಮೈಯೊಳಗಿನ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಇಬ್ಬರ ಹೆಸರೂ ವೈ ಅಕ್ಷರದಿಂದ ಶುರು, ಹಾಗಾಗಿ ಇದಕ್ಕೆ ವೈ-ವೈ ವಿರೋಧಾಭಾಸ ಎಂದೇ ಹೆಸರು ಬಿತ್ತು. ಒಬ್ಬ ವಿಜ್ಞಾನಿ ತನ್ನ ಮೈಯನ್ನೇ ಉದಾಹರಣೆಯಾಗಿ ಇಟ್ಟಿದ್ದು ನನಗೆ ತುಂಬಾ ಇಷ್ಟ. ತೆಳ್ಳಗೆ ಕಂಡರೂ ಒಳಗೆ ಕೊಬ್ಬು ತುಂಬಿಕೊಂಡಿರುವ ಭಾರತೀಯ ಮೈ ಅಂದರೆ ಇದು.

ಅದಕ್ಕೇ ನಮ್ಮಲ್ಲಿ ಬಿಎಂಐ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ಹೆಚ್ಚು ನಿಜ ಹೇಳುತ್ತದೆ.

ಹಾಗಾದ್ರೆ ವಿಟಮಿನ್ ಡಿ ತಗೊಂಡ್ರೆ ಆ ಉರಿ ಆರುತ್ತಾ?

ಎಲ್ಲರೂ ಹೌದು ಅನ್ನಿಸಿಕೊಳ್ಳಲು ಕೇಳುವ ಪ್ರಶ್ನೆ ಇದು. ನನ್ನ ಉತ್ತರ: ಪ್ರಯೋಗಶಾಲೆಯ ತಟ್ಟೆಯಲ್ಲಿ ಆರುತ್ತದೆ, ಮನುಷ್ಯನ ಮೈಯಲ್ಲಿ ಹೇಳಿಕೊಳ್ಳುವಷ್ಟು ಆರುವುದಿಲ್ಲ.

ತಟ್ಟೆಯ ವಿಷಯ ಸುಳ್ಳಲ್ಲ. ಮ್ಯಾಕ್ರೋಫೇಜ್‌ಗಳ ಒಳಗೆ ಡಿಯನ್ನು ಗುರುತು ಹಿಡಿಯುವ ರಿಸೆಪ್ಟರ್ ಇದೆ. ಡಿಯ ಕೊನೆಯ ರೂಪ ಕ್ಯಾಲ್ಸಿಟ್ರಯೋಲ್. ಅದನ್ನು ಈ ಕಣಗಳಿಗೆ ಕೊಟ್ಟರೆ ಉರಿ ಎಬ್ಬಿಸುವ ಎನ್‌ಎಫ್ ಕಪ್ಪಾ ಬಿ ಎಂಬ ಸ್ವಿಚ್ಚು ತಗ್ಗುತ್ತದೆ. ಐಎಲ್-6, ಟಿಎನ್‌ಎಫ್ ಕಡಿಮೆಯಾಗುತ್ತವೆ. ಇದನ್ನು ನೋಡಿಯೇ ಆಸೆ ಹುಟ್ಟಿದ್ದು.

ಆಮೇಲೆ ಜನರ ಮೇಲೆ ಪರೀಕ್ಷೆ ಮಾಡಿದರು. ದಪ್ಪ ಇರುವವರಿಗೆ ಡಿ ಕೊಟ್ಟು ಸಿಆರ್‌ಪಿ, ಐಎಲ್-6 ಅಳೆದ ಪ್ರಯೋಗಗಳಲ್ಲಿ ಹೆಚ್ಚಿನವು ಹೇಳಿದ್ದು, ದೊಡ್ಡ ವ್ಯತ್ಯಾಸ ಇಲ್ಲ ಅಂತ. ಮುಟ್ಟು ನಿಂತ 218 ಹೆಂಗಸರ ಮೇಲೆ ಒಂದು ವರ್ಷ ನಡೆದ ಪ್ರಯೋಗ ನೋಡಿ. ಎಲ್ಲರಿಗೂ ತೂಕ ಇಳಿಸುವ ಊಟ, ವ್ಯಾಯಾಮ. ಅರ್ಧ ಜನಕ್ಕೆ ದಿನಕ್ಕೆ 2000 ಯೂನಿಟ್ ಡಿ, ಉಳಿದವರಿಗೆ ಬರೀ ಹುಸಿ ಗುಳಿಗೆ. ತೂಕ ಎರಡೂ ಗುಂಪಿನಲ್ಲಿ ಒಂದೇ ತರಹ ಇಳಿಯಿತು. ಉರಿಯೂತದ ಗುರುತುಗಳಲ್ಲೂ ಒಟ್ಟಾರೆ ಫರಕು ಕಾಣಲಿಲ್ಲ. ಮೈತೂಕದ ಶೇ 5ರಿಂದ 10 ಕಳೆದುಕೊಂಡವರಲ್ಲಿ ಮಾತ್ರ, ಡಿ ತಗೊಂಡವರ ಐಎಲ್-6 ಇನ್ನೊಂದಿಷ್ಟು ಇಳಿದಿತ್ತು. ಅಂದರೆ ತೂಕ ಇಳಿಯುವಾಗ ಡಿ ಸ್ವಲ್ಪ ಕೈಜೋಡಿಸಬಹುದು, ಬರೀ ಡಿ ನುಂಗಿ ಕೂತರೆ ಅದೂ ಇಲ್ಲ.

ಅಮೆರಿಕದ ವೈಟಲ್ ಎಂಬ ಪರೀಕ್ಷೆ ಇನ್ನೂ ದೊಡ್ಡದು. 25,871 ಜನ, ದಿನಕ್ಕೆ 2000 ಯೂನಿಟ್. 2018ರಲ್ಲಿ ಫಲಿತಾಂಶ ಬಂದಾಗ ಹೃದಯಾಘಾತವಾಗಲಿ ಕ್ಯಾನ್ಸರ್ ಬರುವುದಾಗಲಿ ಕಡಿಮೆ ಆಗಿರಲಿಲ್ಲ. 2022ರಲ್ಲಿ ಒಂದು ಒಳ್ಳೆಯ ಸುದ್ದಿ ಬಂತು: ಡಿ ತಗೊಂಡವರಲ್ಲಿ ಆಟೋಇಮ್ಯೂನ್ ಕಾಯಿಲೆಗಳು (ಮೈಯ ರಕ್ಷಣಾ ಪಡೆ ಮೈಯ ಮೇಲೇ ತಿರುಗಿಬೀಳುವಂಥವು) ಶೇ 22ರಷ್ಟು ಕಡಿಮೆ. ಆದರೆ 2023ರಲ್ಲಿ ಅದೇ ಲೆಕ್ಕವನ್ನು ಬಿಎಂಐ ಪ್ರಕಾರ ಬಿಡಿಸಿ ನೋಡಿದಾಗ, ಡಿಯ ಲಾಭ ತೆಳ್ಳಗಿರುವವರ ಕಡೆಗೇ ವಾಲಿತ್ತು. ತೂಕ ಇರುವವರಲ್ಲಿ ಅದೇ ಗುಳಿಗೆ ರಕ್ತದ ಡಿಯನ್ನೂ ಕಡಿಮೆ ಏರಿಸಿತ್ತು.

ಸಕ್ಕರೆ ಕಾಯಿಲೆ ತಡೆಯುತ್ತದೆಯೇ ಎಂದೂ ನೋಡಿದ್ದಾರೆ. ಕಾಯಿಲೆ ಅಂಚಿನಲ್ಲಿದ್ದ 2423 ಜನರಿಗೆ ದಿನಕ್ಕೆ 4000 ಯೂನಿಟ್. 2019ರಲ್ಲಿ ಬಂದ ಉತ್ತರ: ಸಣ್ಣ ಇಳಿಕೆ ಕಂಡಿತು, ಆದರೆ ಅದು ಡಿಯಿಂದಲೇ ಎಂದು ಖಚಿತವಾಗಿ ಹೇಳುವಷ್ಟು ಅಲ್ಲ.

ಇನ್ನೊಂದು ಮಾತು. ಉರಿಯೂತವೇ ಡಿಯನ್ನು ಇಳಿಸುತ್ತದೆ. ಮೊಣಕಾಲು ಕೀಲು ಬದಲಿಸುವ ಆಪರೇಶನ್ ಆದವರನ್ನು ನೋಡಿದರೆ, ಸಿಆರ್‌ಪಿ ಒಂದೆರಡು ದಿನದಲ್ಲಿ ಜಿಗಿಯುತ್ತದೆ, ರಕ್ತದ ಡಿ ಕುಸಿಯುತ್ತದೆ. ಅಷ್ಟರಲ್ಲಿ ಅವರು ಬಿಸಿಲು ಬಿಟ್ಟಿದ್ದಕ್ಕೆ ಇಳಿದದ್ದಲ್ಲ ಅಲ್ವಾ? ಹಾಗಾಗಿ ಡಿ ಕಡಿಮೆ, ಸಿಆರ್‌ಪಿ ಜಾಸ್ತಿ ಎಂದು ಎರಡೂ ಒಟ್ಟಿಗೆ ಕಂಡಾಗ, ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂದು ಹೇಳಿಬಿಡಬೇಡಿ. ಹೊಗೆ ನೋಡಿ ಅದೇ ಬೆಂಕಿ ಹಚ್ಚಿತು ಅಂದ ಹಾಗಾಗುತ್ತದೆ.

ಹಾಗಿದ್ರೆ ಡಿ ಬೇಡವೇ ಬೇಡವಾ?

ಬೇಕು. ಮೂಳೆಗೆ ಬೇಕು. ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತುವುದಿಲ್ಲ. ತೀರಾ ಕೊರತೆಯಾದರೆ ದೊಡ್ಡವರಲ್ಲಿ ಮೂಳೆ ಮೆತ್ತಗಾಗುತ್ತದೆ. ತೊಡೆ, ಸೊಂಟ ನೋಯುತ್ತವೆ, ನೆಲದಿಂದ ಏಳುವಾಗ ಕೈ ಊರಬೇಕಾಗುತ್ತದೆ. ಇದಕ್ಕಾಗಿ ಡಿ ಸರಿಮಾಡಿಕೊಳ್ಳಿ.

ಎಲ್ಲರೂ ಟೆಸ್ಟ್ ಮಾಡಿಸ್ಬೇಕಾ?

ಹಾರ್ಮೋನ್ ತಜ್ಞರ ಸಂಘವಾದ ಅಮೆರಿಕದ ಎಂಡೋಕ್ರೈನ್ ಸೊಸೈಟಿ 2011ರಲ್ಲಿ ಬೊಜ್ಜು ಇರುವವರೆಲ್ಲ ಟೆಸ್ಟ್ ಮಾಡಿಸಬಹುದು ಎಂದಿತ್ತು, ರಕ್ತದ ಡಿ ಮಿಲಿಲೀಟರಿಗೆ 30 ನ್ಯಾನೋಗ್ರಾಂ ದಾಟಿರಬೇಕು ಎಂದಿತ್ತು. ಅದೇ ಸಂಸ್ಥೆ 2024ರಲ್ಲಿ ಆ 30ರ ಗೆರೆಯನ್ನೇ ಕೈಬಿಟ್ಟಿತು. ಬೊಜ್ಜು ಒಂದೇ ಕಾರಣಕ್ಕೆ ಎಲ್ಲರಿಗೂ ಟೆಸ್ಟ್ ಬೇಡ ಎಂದಿತು. ಇಲ್ಲಿನ ಹೆಲ್ತ್ ಪ್ಯಾಕೇಜ್‌ಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದ ಹಾಗಿಲ್ಲ!

ಮೂಳೆ ನೋವು, ಮೂಳೆ ಸವೆತ, ಸ್ಟೀರಾಯ್ಡ್ ಅಥವಾ ಮೂರ್ಛೆರೋಗದ ಮಾತ್ರೆ, ಕಿಡ್ನಿ ಇಲ್ಲವೇ ಯಕೃತ್ತಿನ ಕಾಯಿಲೆ, ಬೊಜ್ಜಿಗೆ ಮಾಡಿಸಿದ ಹೊಟ್ಟೆಯ ಆಪರೇಶನ್, ಇವು ಇದ್ದವರು ಮಾಡಿಸಲೇಬೇಕು. ಜ್ವರ, ಆಪರೇಶನ್ ಆದ ತಕ್ಷಣ ಬೇಡ, ಕಾರಣ ಮೇಲೆ ಹೇಳಿದೆ.

ನೋಡಬೇಕಾದ್ದು 25 ಹೈಡ್ರಾಕ್ಸಿ ವಿಟಮಿನ್ ಡಿ. ಮೂಳೆಯ ಮಟ್ಟಿಗೆ 20 ನ್ಯಾನೋಗ್ರಾಂ ಇದ್ದರೆ ಹೆಚ್ಚಿನವರಿಗೆ ಸಾಕು, 12ಕ್ಕಿಂತ ಕೆಳಗಿದ್ದರೆ ನಿಜವಾದ ಕೊರತೆ. ಕೆಲವು ಲ್ಯಾಬ್‌ಗಳು ನ್ಯಾನೋಮೋಲ್‌ನಲ್ಲಿ ಬರೆಯುತ್ತವೆ. ಅದನ್ನು 2.5ರಿಂದ ಭಾಗಿಸಿ. ವಿದೇಶದಲ್ಲಿರುವ ಮಗನ ರಿಪೋರ್ಟಿನಲ್ಲಿ 60, ತನ್ನದರಲ್ಲಿ 24 ಎಂದು ಗಾಬರಿ ಬಿದ್ದ ಅಮ್ಮ ಒಬ್ಬರಿದ್ದರು. ಎರಡೂ ಒಂದೇ.

ಮುಂಬೈಲಿ ಬಿಸಿಲಿಗೇನು ಬರ? ದಿನಾ ಬೆಳಿಗ್ಗೆ ಎಳೆ ಬಿಸಿಲಲ್ಲಿ ವಾಕ್ ಮಾಡ್ತೀನಿ.

ವಾಕ್ ಬಿಡಬೇಡಿ. ಆದರೆ ಡಿ ಮಟ್ಟಿಗೆ ಎಳೆ ಬಿಸಿಲು ಅಷ್ಟಕ್ಕಷ್ಟೇ. ಚರ್ಮದಲ್ಲಿ ಡಿ ಮಾಡುವುದು ಯುವಿಬಿ ಕಿರಣ. ಸೂರ್ಯ ತಗ್ಗಿನಲ್ಲಿದ್ದಾಗ ಅದು ಗಾಳಿಯಲ್ಲೇ ಸೋಸಿಹೋಗುತ್ತದೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಆದಾಗ ಡಿ ಹುಟ್ಟುತ್ತದೆ ಎಂದು ತಿಳಿಯಿರಿ. ನಮ್ಮೂರಲ್ಲಿ ಅದು ಹತ್ತು ಗಂಟೆಯಿಂದ ಮೂರರವರೆಗಿನ ಬಿಸಿಲು. ನಾವೆಲ್ಲ ಕೊಡೆ ಹಿಡಿಯುವ ಹೊತ್ತು.

ನಮ್ಮ ದಿನಚರಿ ನೋಡಿ. ಏಳರ ಫಾಸ್ಟ್ ಲೋಕಲ್, ನಿಲ್ದಾಣದ ಮಾಡಿನ ಕೆಳಗೆ, ಆಫೀಸಿನ ಗಾಜಿನೊಳಗೆ. ಕಿಟಕಿಯ ಗಾಜು ಯುವಿಬಿಯನ್ನು ತಡೆಯುತ್ತದೆ, ಹಾಗಾಗಿ ಕಿಟಕಿ ಪಕ್ಕದ ಸೀಟು ಬರೀ ಸೆಕೆ ಕೊಡುತ್ತದೆ. ವಾಪಸ್ ಬರುವಾಗ ಕತ್ತಲೆ. ಮಾಟುಂಗದಲ್ಲಿ ಹೋಟೆಲ್ ಇಟ್ಟ ನಮ್ಮ ಪರಿಚಯದ ಶೆಟ್ಟರು ಬೆಳಿಗ್ಗೆ ಆರಕ್ಕೆ ಗಲ್ಲಾ ಮೇಲೆ ಕೂತರೆ ರಾತ್ರಿ ಹತ್ತಕ್ಕೆ ಏಳುವುದು. ವಾಸ್ಕೋದಲ್ಲಿರುವ ನನ್ನ ಮೈದುನ ಹೋಟೆಲ್ ಕಿಚನ್‌ನಲ್ಲಿ. ಸಮುದ್ರದ ಪಕ್ಕವೇ ಇದ್ದಾನೆ, ಹಗಲು ಕಾಣುವುದು ರಜೆಯಲ್ಲಿ ಮಾತ್ರ. ಮೇಲಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಚಳಿಗಾಲದಲ್ಲಿ ಹೊಗೆಮಂಜು.

ಊಟದ ವಿರಾಮದಲ್ಲಿ ತೋಳು ಮಡಚಿ ಹೊರಗೆ ನಡೆಯಿರಿ. ನಮ್ಮ ಕಂದು ಚರ್ಮಕ್ಕೆ ಬಿಳಿಯರಿಗಿಂತ ಹೆಚ್ಚು ಹೊತ್ತು ಬೇಕು, ಐದು ಹತ್ತು ನಿಮಿಷ ಸಾಲದು. ಚರ್ಮ ಸುಡುವಷ್ಟೂ ಬೇಡ. ಬಿಸಿಲಿನಿಂದ ಡಿ ವಿಷವಾಗುವುದಿಲ್ಲ. ಜಾಸ್ತಿಯಾದದ್ದನ್ನು ಚರ್ಮವೇ ಒಡೆದುಹಾಕುತ್ತದೆ. ಗುಳಿಗೆಗೆ ಆ ಬ್ರೇಕು ಇಲ್ಲ.

ಊಟದಿಂದ ಸಿಗಲ್ವಾ?

ಮೀನು ತಿನ್ನುವವರಿಗೆ ಒಂದಿಷ್ಟು ಸಿಗುತ್ತದೆ. ಬಂಗುಡೆ, ಬೂತಾಯಿಯಂಥ ಎಣ್ಣೆಯಂಶದ ಮೀನು ಒಳ್ಳೆಯದು. ಗೋವಾದಲ್ಲಿ ಬಾಂಗಡೊ, ತಾರ್ಲೆ ಎಂದು ಕೇಳಿದರೆ ಸಿಗುತ್ತದೆ. ಬಾಣಲೆಯಲ್ಲಿ ಕರಿದರೆ ಡಿ ಒಂದಿಷ್ಟು ಕಳೆದುಹೋಗುತ್ತದೆ, ಪುಳಿಮುಂಚಿ ಮಾಡಿದರೆ ರಸದ ಜೊತೆ ಹೊಟ್ಟೆಗೆ ಹೋಗುತ್ತದೆ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಯೂನಿಟ್.

ಸಸ್ಯಾಹಾರಿಗಳಿಗೆ ದಾರಿ ಇಕ್ಕಟ್ಟು. ಪ್ಲಸ್ ಎಫ್ ಗುರುತು ಇರುವ ಪ್ಯಾಕೆಟ್ ಹಾಲಿನಲ್ಲಿ ಲೀಟರಿಗೆ 200ರಿಂದ 300 ಯೂನಿಟ್ ಸೇರಿಸಿರುತ್ತಾರೆ. ಒಂದು ಲೋಟಕ್ಕೆ 40ರಿಂದ 60. ದೊಡ್ಡವರಿಗೆ ದಿನಕ್ಕೆ 600 ಯೂನಿಟ್ ಬೇಕು ಎಂದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದೆ. ಅದನ್ನು ಹಾಲಿನಿಂದಲೇ ತುಂಬಿಸಲು ಹೋದರೆ ತೂಕದ ಕಥೆ ಏನಾಗುತ್ತದೆ, ಲೆಕ್ಕ ಹಾಕಿ. ಬಿಸಿಲಿಗೆ ಇಟ್ಟ ಅಣಬೆಯಲ್ಲಿ ಡಿ2 ಹುಟ್ಟುತ್ತದೆ. ಅಡುಗೆಗೆ ಮುಂಚೆ ಹೆಚ್ಚಿ ಮಧ್ಯಾಹ್ನದ ಬಿಸಿಲಲ್ಲಿ ಇಡಿ, ಖರ್ಚೇನಿಲ್ಲ.

60,000 ಯೂನಿಟ್‌ನ ಡಿ ಪುಡಿ ಎಷ್ಟು ದಿನ ತಗೋಬೇಕು?

ಡಾಕ್ಟರು ಬರೆದಷ್ಟು ದಿನ, ಬರೆದ ಹಾಗೆ. ಸಾಮಾನ್ಯವಾಗಿ ವಾರಕ್ಕೊಂದು, ಎಂಟು ವಾರ. ಆಮೇಲೆ ನಿಲ್ಲಿಸುವುದೋ ಸಣ್ಣ ಡೋಸ್‌ಗೆ ಬರುವುದೋ ಅವರು ಹೇಳುತ್ತಾರೆ. ವಾರಕ್ಕೆ 60,000 ಅಂದರೆ ದಿನಕ್ಕೆ ಸುಮಾರು 8,500 ಆಯಿತು. ಡಾಕ್ಟರ ಕಣ್ಣಿಲ್ಲದೆ ದಿನಕ್ಕೆ 4000 ದಾಟಬಾರದು ಎಂಬುದು ಮಿತಿ. ಅಂದಮೇಲೆ ಇದು ಚಿಕಿತ್ಸೆ, ಟಾನಿಕ್ ಅಲ್ಲ.

ಪುಣೆಯಲ್ಲಿರುವ ನಮ್ಮ ಚಿಕ್ಕಮ್ಮ ಇದನ್ನು ದಿನಕ್ಕೊಂದರಂತೆ ಮೂರು ವಾರಕ್ಕೂ ಮೇಲೆ ತಗೊಂಡರು. ಅಂಗಡಿಯವರು ಹೇಳಿದ್ದೋ ಇವರು ಕೇಳಿಸಿಕೊಂಡಿದ್ದೋ, ವಾರ ಹೋಗಿ ದಿನ ಆಗಿತ್ತು. ಮೊದಲು ಮಲಬದ್ಧತೆ, ಆಮೇಲೆ ವಾಂತಿ, ಬಿಡದ ಬಾಯಾರಿಕೆ. ಒಂದು ದಿನ ಮಾತು ತೊದಲತೊಡಗಿದಾಗ ಲಕ್ವ ಹೊಡೆಯಿತು ಅಂತ ಓಡಿದರು. ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿತ್ತು. ಸಲೈನ್ ಮೇಲೆ ಐದು ದಿನ ಕಳೆದರು. ಆಗಿನಿಂದ ನಾನು ಎಲ್ಲರಿಗೂ ಹೇಳುವುದು: ವಾರದಲ್ಲಿ ಒಂದು ದಿನ ಗೊತ್ತುಮಾಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಭಾನುವಾರ ಪುಡಿ, ಅಷ್ಟೆ.

ಬೊಜ್ಜು ಇರುವವರಿಗೆ ಎರಡು ಮೂರು ಪಟ್ಟು ಡೋಸ್ ಬೇಕಾಗಬಹುದು ಎಂಬುದು ನಿಜ. ಕೊಪ್ಪರಿಗೆಯ ಲೆಕ್ಕ ನೆನಪಿದೆಯಲ್ಲ? ಆದರೆ ಆ ಗುಣಾಕಾರವನ್ನು ನೀವು ಮಾಡಬೇಡಿ. ಕಿಡ್ನಿ ಕಲ್ಲು, ಪ್ಯಾರಾಥೈರಾಯ್ಡ್ ತೊಂದರೆ, ಟಿಬಿ, ಸಾರ್ಕಾಯಿಡೋಸಿಸ್ ಇದ್ದವರಂತೂ ಕೇಳದೆ ಮುಟ್ಟಲೇಬೇಡಿ.

ವರ್ಷಕ್ಕೊಂದು ಇಂಜೆಕ್ಷನ್ ಚುಚ್ಚಿಸಿಕೊಂಡ್ರೆ ಕೆಲಸ ಮುಗೀತಲ್ಲ?

ಆಸ್ಟ್ರೇಲಿಯಾದಲ್ಲಿ ವಯಸ್ಸಾದ 2256 ಹೆಂಗಸರ ಮೇಲೆ ಒಂದು ಪರೀಕ್ಷೆ ನಡೆಯಿತು. ಅರ್ಧ ಜನಕ್ಕೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಬಾಯಿಂದ ಕೊಟ್ಟರು. ಮೂಳೆ ಉಳಿಯಲಿ ಅಂತ. 2010ರಲ್ಲಿ ಫಲಿತಾಂಶ ನೋಡಿದರೆ ಅವರೇ ಜಾಸ್ತಿ ಬಿದ್ದಿದ್ದರು, ಅವರ ಮೂಳೆಗಳೇ ಜಾಸ್ತಿ ಮುರಿದಿದ್ದವು. ಒಟ್ಟಿಗೆ ಸುರಿಯುವುದಕ್ಕಿಂತ ಸಣ್ಣ ಸಣ್ಣದಾಗಿ ತಗೊಳ್ಳುವುದೇ ಮೇಲು ಎಂದು ನನಗನ್ನಿಸುತ್ತದೆ.

ಖಾಲಿ ಹೊಟ್ಟೆಗೋ, ಊಟ ಆದ್ಮೇಲೋ?

ದಿನದ ದೊಡ್ಡ ಊಟದ ಜೊತೆ. ಊಟದಲ್ಲಿ ಸ್ವಲ್ಪ ಎಣ್ಣೆಯೋ ತುಪ್ಪವೋ ಇರಲಿ.

ತೂಕ ಇಳಿಸಿದ್ರೆ ಡಿ ತಾನಾಗೇ ಏರುತ್ತಾ?

ಸ್ವಲ್ಪ. ಮೈತೂಕದ ಶೇ 15ಕ್ಕಿಂತ ಜಾಸ್ತಿ ಇಳಿಸಿದವರಲ್ಲಿ ಎಂಟು ನ್ಯಾನೋಗ್ರಾಂ ಹತ್ತಿರ ಏರಿದ್ದುಂಟು. ಎರಡು ಮೂರು ಕಿಲೋ ಇಳಿಸಿದರೆ ಹೆಚ್ಚೇನೂ ಕಾಣುವುದಿಲ್ಲ. ಉರಿಯೂತ ಮಾತ್ರ ತೂಕದ ಜೊತೆ ಇಳಿಯುತ್ತದೆ, ಸಿಆರ್‌ಪಿ ತಗ್ಗುತ್ತದೆ. ಕೆಂಡ ಇರುವುದು ಹೊಟ್ಟೆಯ ಕೊಬ್ಬಿನಲ್ಲಿ, ಸೌದೆ ಹೋಗುತ್ತಿರುವುದು ರಾತ್ರಿ ಹತ್ತರ ಊಟದಿಂದ, ಸ್ಟೇಶನ್ ಹೊರಗಿನ ವಡಾಪಾವ್‌ನಿಂದ.

ಮಾಟುಂಗದ ಶೆಟ್ಟರಿಗೆ ನಾನು ಹೇಳಿದ್ದು ಎರಡೇ. ಮಧ್ಯಾಹ್ನ ಗಿರಾಕಿ ಇಳಿದ ಮೇಲೆ ಗಲ್ಲಾ ಮಗನಿಗೆ ಬಿಟ್ಟು ಕಿಂಗ್ಸ್ ಸರ್ಕಲ್ ಸುತ್ತ ಬಿಸಿಲಲ್ಲಿ ಅರ್ಧ ಗಂಟೆ ನಡೆಯಿರಿ. ರಾತ್ರಿ ಊಟ ಎಂಟಕ್ಕೆ ಮುಗಿಸಿ. ಆರು ತಿಂಗಳಿಗೆ ಸೊಂಟ ಏಳು ಸೆಂಟಿಮೀಟರ್ ಇಳಿಯಿತು. "ಮೇಡಂ, ಡಿ ಇನ್ನೂ 19 ಅಂತಿದೆ" ಎಂದು ಬೇಜಾರು ಮಾಡಿಕೊಂಡು ಬಂದಿದ್ದರು. ಸಕ್ಕರೆ ಎಷ್ಟಾಯಿತು ಎಂದು ನಾನೇ ಕೇಳಬೇಕಾಯಿತು. ಅದು ನೆಟ್ಟಗಾಗಿತ್ತು.

ಸಿಆರ್‌ಪಿ ಟೆಸ್ಟ್ ಮಾಡಿಸ್ಲಾ?

ಡಾಕ್ಟರು ಹೃದಯದ ಅಪಾಯ ನೋಡಲು ಹೇಳಿದರೆ ಮಾಡಿಸಿ. ಎಚ್‌ಎಸ್ ಸಿಆರ್‌ಪಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಒಳ್ಳೆಯದು, 3 ದಾಟಿದರೆ ಜಾಸ್ತಿ. 10 ದಾಟಿದ್ದರೆ ಬೊಜ್ಜಿನ ಲೆಕ್ಕ ಬಿಡಿ, ಎಲ್ಲೋ ಸೋಂಕು ಇರಬಹುದು. ನೆಗಡಿ, ಹಲ್ಲುನೋವು ಇರುವ ವಾರ ಹೋಗಬೇಡಿ, ದುಡ್ಡು ದಂಡ.